ಬೀರುವಿನ ಕೊಳಲು

ಮಾರ್ಚ್ ೪, ಮಂಗಳವಾರ

ಇವತ್ತಿನಿಂದ ನನ್ನ ಎರಡೂ ಕಿವಿಗಳ ಹಿಂದೆ ಒಂದೊಂದು ಯಂತ್ರ. ಗೋಡಂಬಿಯ ಗಾತ್ರ, ಗೋಡಂಬಿಯದೇ ಆಕಾರ, ಬಣ್ಣ ಮಾತ್ರ ಬೂದಿ. ಕೂದಲು ಬಿಟ್ಟುಕೊಂಡರೆ ಯಾರಿಗೂ ಕಾಣುವುದಿಲ್ಲ. ಐವತ್ತೇಳನೆಯ ವಯಸ್ಸಿನಲ್ಲಿ ಕೂದಲು ಬಿಟ್ಟುಕೊಂಡು ಓಡಾಡುವ ಯೋಗ ಬಂದಿದೆ, ಅನುಭವಿಸಬೇಕು.

ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡುವ ಹುಡುಗಿ ಒಳ್ಳೆಯವಳು. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗೆಲ್ಲ ಗುಂಡಿ ಒತ್ತಿ ಎಂದಳು. ನಾನು ಕೇಳಿಸದಿದ್ದರೂ ಅಂದಾಜಿನ ಮೇಲೆ ಒತ್ತಿದೆ. ಪರೀಕ್ಷೆ ಅಂದಮೇಲೆ ಪಾಸಾಗಬೇಕಲ್ಲ. ಅವಳು ನಕ್ಕು, “ಆಂಟಿ, ನಾನಿನ್ನೂ ಶುರುವೇ ಮಾಡಿಲ್ಲ” ಅಂದಳು. ಆಮೇಲೆ ನಿಮ್ಮ ಕೆಲಸ ಏನು, ಮುಖ್ಯವಾಗಿ ಯಾವುದು ಕೇಳಿಸಬೇಕು ಎಂದೆಲ್ಲ ವಿಚಾರಿಸಿದಳು. ಮನೆಯಲ್ಲೇ ಇರುತ್ತೇನೆ, ಗಂಡನ ಮಾತು ಕೇಳಿಸಿದರೆ ಸಾಕು ಅಂದೆ. ಅವಳು ಪಾಪ ಅದನ್ನೇ ನಂಬಿ, ಕಂಪ್ಯೂಟರಿನಲ್ಲಿ ಏನೇನೋ ತಿದ್ದಿ, ಯಂತ್ರಗಳನ್ನು ಮಾತಿಗೆ ಹೊಂದಿಸಿ ಕೊಟ್ಟಳು.

ನಿಜ ಹೇಳುವುದಾದರೂ ಹೇಗೆ? ಇಪ್ಪತ್ತು ವರ್ಷದಿಂದ ಪ್ರತಿ ಶುಕ್ರವಾರ ಸಂಜೆ ರೇಡಿಯೋದಲ್ಲಿ ‘ಕಿವಿಮಾತು’ ನಡೆಸುವವಳು ನಾನು. ವಾರಕ್ಕೊಂದು ರೆಕಾರ್ಡು ಆರಿಸಿ, ಇದನ್ನು ಕೇಳಿ, ಇಂಥ ಕಾರಣಕ್ಕೆ ಕೇಳಿ ಎಂದು ಊರಿಗೆಲ್ಲ ಹೇಳುವುದೇ ನನ್ನ ಕೆಲಸ. ಆ ಹೆಂಗಸಿಗೇ ಕಿವಿ ಮಂದ ಎಂದು ಗೊತ್ತಾದರೆ ಅವಳ ಮಾತನ್ನು ಯಾರು ನಂಬುತ್ತಾರೆ? ರೇಡಿಯೋ ಕೇಂದ್ರದಲ್ಲಿ ಒಬ್ಬರಿಗೂ ಹೇಳಿಲ್ಲ. ಮನೆಯಲ್ಲಿ ಇವರಿಗೆ ಗೊತ್ತು. ಇವರ ಹತ್ತಿರ ಹೇಳಿಕೊಂಡರೆ ಎಲ್ಲವೂ ತಮಾಷೆಯಾಗುತ್ತದೆ ಎಂದೇ ಈ ದಿನಚರಿ ಶುರುಮಾಡಿದ್ದೇನೆ.

ಏಪ್ರಿಲ್ ಮುಗಿಯುವವರೆಗೆ ನೋಡುತ್ತೇನೆ. ಅಷ್ಟರೊಳಗೆ ಈ ಯಂತ್ರಗಳಲ್ಲಿ ಸಂಗೀತ ನೆಟ್ಟಗೆ ಕೇಳಿಸದಿದ್ದರೆ ಕಾರ್ಯಕ್ರಮ ಬಿಟ್ಟುಬಿಡುತ್ತೇನೆ. ಕೇಳಿಸದೇ ಇರುವುದನ್ನು ಕೇಳಿ ಎಂದು ಜನಕ್ಕೆ ಹೇಳುವುದು ನನ್ನಿಂದಾಗದು.

ಮಾರ್ಚ್ ೫, ಬುಧವಾರ

ಈ ಮನೆಯಲ್ಲಿ ಇಷ್ಟೊಂದು ಸದ್ದಿದೆ ಎಂದು ಯಾರಾದರೂ ಹೇಳಬಾರದಿತ್ತೇ. ಫ್ರಿಜ್ಜು ದಿನವಿಡೀ ಗೊಣಗುತ್ತದೆ. ಪ್ಲಾಸ್ಟಿಕ್ ಚೀಲ ಮಡಚಿದರೆ ಕಿವಿಯ ಪಕ್ಕದಲ್ಲೇ ಸೌದೆ ಸೀಳಿದ ಹಾಗೆ. ನನ್ನ ಎಡಗಾಲಿನ ಚಪ್ಪಲಿ ಹೆಜ್ಜೆಹೆಜ್ಜೆಗೂ ಕೀಚ್ ಎನ್ನುತ್ತದೆ. ಅದನ್ನು ಹಾಕಿಕೊಂಡು ಎಷ್ಟು ಜನರ ಮನೆಗೆ ಹೋಗಿಬಂದಿದ್ದೇನೋ.

ಇವರು ಪಾತ್ರೆ ತೊಳೆಯುತ್ತ ಏನೋ ಗುನುಗುತ್ತಿದ್ದರು. ಶ್ರುತಿಯೂ ಇಲ್ಲ, ತಾಳವೂ ಇಲ್ಲ. ಇದು ಯಾವಾಗಿನಿಂದ ಎಂದು ಕೇಳಿದೆ. “ಆಯ್ತಲ್ಲ ಐದಾರು ವರ್ಷ. ನೀನು ಏನೂ ಅನ್ಲಿಲ್ಲ, ಇಷ್ಟ ಅಂದ್ಕೊಂಡೆ” ಅಂದರು. ಯಂತ್ರಗಳನ್ನು ಬಿಚ್ಚಿ ಡಬ್ಬಿಗೆ ಹಾಕಿ ಪತ್ರಿಕೆ ಓದುತ್ತ ಕೂತೆ.

ಇವರದು ಕನ್ನಡಕದ ಅಂಗಡಿ. ಬೆಳಗಾದರೆ ಸಾಕು, ಕಂಡವರ ಮೂಗಿನ ಮೇಲೆ ಗಾಜು ಕೂರಿಸುವ ಕೆಲಸ. ಮುಖದ ನಟ್ಟನಡುವೆ ಕೂರುವ ಕನ್ನಡಕಕ್ಕೆ ಯಾರೂ ನಾಚಿಕೊಳ್ಳುವುದಿಲ್ಲ, ಕಿವಿಯ ಹಿಂದೆ ಅವಿತುಕೊಂಡಿರುವುದಕ್ಕೆ ನಿನಗೇನು ನಾಚಿಕೆ ಎಂದು ಕಾಫಿ ಹೊತ್ತಿಗೇ ಶುರುಮಾಡಿದ್ದರು.

ಮಾರ್ಚ್ ೭, ಶುಕ್ರವಾರ

ಯಂತ್ರ ಹಾಕಿಕೊಂಡು ಮೊದಲ ಕಾರ್ಯಕ್ರಮ. ಮುಗಿಯಿತು, ಅಷ್ಟೇ.

ಬೇಕೆಂದೇ ಬಾಯಿಪಾಠವಾಗಿರುವ ರೆಕಾರ್ಡು ಆರಿಸಿಕೊಂಡಿದ್ದೆ. ಒಬ್ಬ ಹೆಂಗಸಿನ ಹಾಡು, ಜೊತೆಗೆ ಒಂದೇ ಒಂದು ಪಿಟೀಲು. ಪಿಟೀಲಿನ ಉದ್ದನೆಯ ಸ್ವರ ಶುರುವಿನಲ್ಲಿ ಸರಿಯಾಗಿತ್ತು, ಆಮೇಲೆ ನಡುಗತೊಡಗಿತು. ಹಾಡುವವಳ ದನಿಯೂ ಮುಳುಗುತ್ತ ಏಳುತ್ತ ಹೋಯಿತು. ರೆಕಾರ್ಡು ಸೊಟ್ಟಗಾಗಿರಬೇಕು ಎಂದು ಗಾಜಿನಾಚೆ ಕೂತಿದ್ದ ಸ್ವಿಚ್ಚುವಿಗೆ ಸನ್ನೆ ಮಾಡಿದೆ. ಸ್ವಿಚ್ಚು ಎಂದರೆ ನಮ್ಮ ಧ್ವನಿ ಇಂಜಿನಿಯರ್; ಹೆಸರು ಬೇರೆ ಇದೆ, ಯಾರೂ ಕರೆಯುವುದಿಲ್ಲ. ಅವನು ಹೆಬ್ಬೆರಳೆತ್ತಿ ಎಲ್ಲ ಸರಿಯಾಗಿದೆ ಎಂದು ತೋರಿಸಿದ. ನನ್ನ ಬಾಯಿ ‘ಎಂಥ ಅಲುಗಾಡದ ಸ್ವರ ನೋಡಿ’ ಎನ್ನುತ್ತಿತ್ತು, ಕಿವಿಯಲ್ಲಿ ಮೇಕೆ ಅರಚುತ್ತಿತ್ತು. ಸಾಲದ್ದಕ್ಕೆ ಹೆಡ್‌ಫೋನು ಯಂತ್ರಗಳ ಮೇಲೆ ಕೂತು ಕುಯ್ ಎಂದು ಶಿಳ್ಳೆ ಬೇರೆ.

ಯಂತ್ರ ತೆಗೆದರೆ ಪಿಟೀಲು ಕಂಬಳಿ ಹೊದ್ದು ಮಲಗುತ್ತದೆ. ಹಾಕಿದರೆ ಮೇಕೆ. ಇವೆರಡರಲ್ಲಿ ಒಂದನ್ನು ಆರಿಸಿಕೊ ಎಂದರೆ ಏನು ಮಾಡಲಿ?

ಮಾರ್ಚ್ ೧೧, ಮಂಗಳವಾರ

ಪಿಯಾನೋ ತಗಡು. ಪಿಟೀಲು ಮೇಕೆ. ಕೊಳಲು ಜ್ವರ ಬಂದವರ ಶಿಳ್ಳೆ. ಇವರ ಗುನುಗು ಮಾತ್ರ ಇದ್ದ ಹಾಗೇ ಇದೆ.

ಊಟ ರುಚಿಸಲಿಲ್ಲ. ಅತ್ತುಬಿಟ್ಟೆ. ಇವರಿಗೆ ಈರುಳ್ಳಿ ಎಂದೆ.

ಮಾರ್ಚ್ ೧೩, ಗುರುವಾರ

ಇನ್ನು ಇಷ್ಟೊಂದು ರೆಕಾರ್ಡು ಇಟ್ಟುಕೊಂಡು ಏನು ಮಾಡುವುದು, ಯಾರಿಗಾದರೂ ಕೊಟ್ಟುಬಿಡೋಣ ಎಂದು ಬೆಳಿಗ್ಗೆ ಕಪಾಟು ಖಾಲಿ ಮಾಡಲು ಕೂತೆ. ಕೊಡುವ ಮುಂಚೆ ಒಂದೊಂದನ್ನು ಒಂದು ಗಳಿಗೆ ಹಾಕಿ ನೋಡುತ್ತಿದ್ದೆ. ಹಳದಿ ಕವರಿನ ಮೇಲೆ ಖಾಲಿ ಕುರ್ಚಿಯ ಚಿತ್ರವಿರುವ ಒಂದು ರೆಕಾರ್ಡು ಸಿಕ್ಕಿತು. ಯಾವ ಕಾಲದಲ್ಲಿ ಕೊಂಡಿದ್ದೋ, ಒಂದು ಸಲ ಕೇಳಿ ಇದೇನು ಹೀಗೆ ಜೋಲಾಡುತ್ತದೆ ಎಂದು ಮೂಲೆಗೆ ಎಸೆದಿದ್ದೆ.

ಇವತ್ತು ಸೂಜಿ ಇಟ್ಟೆ, ಕೊಳಲಿನಂಥದ್ದೇನೋ ಶುರುವಾಯಿತು. ಒಂಚೂರು ತೂಗುತ್ತ, ಒಂಚೂರು ಮಂಕಾಗಿ. ಅದರ ಹಿಂದೆ ಗುಂಪು ಹಾಡಿನಂಥದ್ದು. ನಾನು ನೆಲದ ಮೇಲೆ ಕೂತಿದ್ದವಳು ಹಾಗೇ ಕೂತೇ ಇದ್ದೆ. ಏನೂ ಕೆಟ್ಟಿರಲಿಲ್ಲ. ಅವತ್ತು ಹೇಗಿತ್ತೋ ಇವತ್ತೂ ಹಾಗೇ ಇತ್ತು. ಮೊದಲೇ ನಡುಗುವ ಸಂಗೀತವನ್ನು ನನ್ನ ಯಂತ್ರ ಇನ್ನೇನು ನಡುಗಿಸೀತು? ಒಂದು ವಾರದ ಮೇಲೆ ಮೊದಲ ಸಲ ಸಂಗೀತ ಸಂಗೀತದ ಹಾಗೆ ಕೇಳಿಸಿತು. ಎರಡೂ ಬದಿ ಕೇಳಿ, ತಿರುಗಿಸಿ ಮತ್ತೆ ಕೇಳಿದೆ.

ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ ವಾದ್ಯದ ಹೆಸರಿದೆ: ಮೆಲೊಟ್ರಾನ್. ಕಪಾಟಿನಲ್ಲಿ ಅಂಥವು ಇನ್ನೂ ಎರಡು ಸಿಕ್ಕವು. ಕೊಡುವುದೆಂದು ಕಟ್ಟಿದ್ದ ಗಂಟನ್ನು ಸದ್ಯಕ್ಕೆ ಬಾಗಿಲ ಹಿಂದೆ ಇಟ್ಟಿದ್ದೇನೆ.

ಮಾರ್ಚ್ ೧೪, ಶುಕ್ರವಾರ

ಖಾಲಿ ಕುರ್ಚಿಯ ರೆಕಾರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಸ್ವಿಚ್ಚು ಕವರಿನ ಹಿಂದೆ ವಾದ್ಯದ ಹೆಸರು ನೋಡಿದವನೇ, “ಅಕ್ಕ, ಇದು ನಮ್ಮ ಬೀರು ಅಲ್ವಾ?” ಅಂದ. ಏನು ಬೀರು ಎಂದರೆ ನೇರ ಗೋದಾಮಿಗೆ ಕರೆದುಕೊಂಡು ಹೋದ. ಮುರಿದ ಮೇಜುಗಳ ನಡುವೆ ಬಿಳಿ ಬಣ್ಣದ ಒಂದು ಮರದ ಪೆಟ್ಟಿಗೆ. ಮುಂದೆ ಪಿಯಾನೋದ ಹಾಗೆ ಕೀಗಳಿಲ್ಲದಿದ್ದರೆ ಬಟ್ಟೆ ಇಡುವ ಬೀರುವೆಂದೇ ಅಂದುಕೊಳ್ಳಬೇಕು. ಹಿಂದೆ ಕಾರ್ಯಕ್ರಮಗಳ ಶುರುವಿನ ಸಂಗೀತಕ್ಕೆ ಬಳಸುತ್ತಿದ್ದರಂತೆ. ಈಗ ಮೋಟಾರು ತಿರುಗುತ್ತದೆ, ಅರ್ಧ ಕೀಗಳು ಮಾತ್ರ ಕೆಲಸ ಮಾಡುತ್ತವೆ. ಇಪ್ಪತ್ತು ವರ್ಷ ಆ ಗೋದಾಮಿನ ಮುಂದೆಯೇ ಓಡಾಡಿದ್ದೇನೆ, ಇದನ್ನು ನೋಡಿರಲಿಲ್ಲ.

ಸ್ವಿಚ್ಚು ಮುಚ್ಚಳ ತೆಗೆದು ತೋರಿಸಿದ. ಒಂದೊಂದು ಕೀಗೆ ಒಂದೊಂದು ಟೇಪಿನ ತುಂಡು. ಯಾವುದೋ ಕಾಲದಲ್ಲಿ ಯಾರೋ ಒಬ್ಬರು ಕೊಳಲಿನಲ್ಲಿ ಒಂದೊಂದೇ ಸ್ವರ ನುಡಿಸಿ ಅವುಗಳಲ್ಲಿ ತುಂಬಿಟ್ಟಿದ್ದಾರೆ. ಕೀ ಒತ್ತಿದರೆ ಟೇಪು ಓಡಿ ಆ ಸ್ವರ ಬರುತ್ತದೆ. ಎಂಟು ಸೆಕೆಂಡಿಗೆ ಟೇಪು ಮುಗಿಯಿತು, ಸ್ವರವೂ ಮುಗಿಯಿತು. ಎಷ್ಟು ಒತ್ತಿ ಹಿಡಿದರೂ ಅಷ್ಟೇ. ಬೆರಳೆತ್ತಿದರೆ ಸ್ಪ್ರಿಂಗು ಟೇಪನ್ನು ಟಪ್ಪೆಂದು ವಾಪಸ್ ಎಳೆದುಕೊಳ್ಳುತ್ತದೆ. ಮೋಟಾರು ಒಂದೇ ವೇಗದಲ್ಲಿ ತಿರುಗುವುದಿಲ್ಲ, ಟೇಪಿಗೂ ವಯಸ್ಸಾಗಿದೆ. ಅದಕ್ಕೇ ಆ ತೂಗಾಟ.

ಕಾರ್ಯಕ್ರಮದಲ್ಲಿ ಎಲ್ಲವನ್ನೂ ಹೇಳಿದೆ. ಮಳೆ ನಿಂತು, ಒಳಗೆ ತಂದ ಬಟ್ಟೆಯನ್ನು ಮತ್ತೆ ಹೊರಗೆ ಒಣಹಾಕುವ ಹೊತ್ತಿನಲ್ಲಿ ಇದನ್ನು ಕೇಳಿ ಎಂದೆ. ಇದು ಕೊಳಲಲ್ಲ, ಕೊಳಲಿನ ನೆನಪು ಎಂದೆ. ಹಾಗೆ ಹೇಳುವಾಗ ಒಂದು ಮಾತೂ ಸುಳ್ಳಿರಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನಷ್ಟಕ್ಕೆ ನಗುತ್ತಿದ್ದೆನೆಂದು ಕಾಣುತ್ತದೆ, ಪಕ್ಕದವಳು ಸ್ವಲ್ಪ ಸರಿದು ಕೂತಳು.

ಮಾರ್ಚ್ ೨೮, ಶುಕ್ರವಾರ

ಸತತ ಮೂರನೆಯ ವಾರ ಬೀರು. ಇವತ್ತಿನದು ದೋಣಿಯ ಚಿತ್ರದ ರೆಕಾರ್ಡು. ಅದರಲ್ಲಿ ಬೀರುವಿನ ಟೇಪುಗಳಲ್ಲಿ ಕೊಳಲಿನ ಬದಲು ಪಿಟೀಲಿನ ಗುಂಪಿದೆ. ಯಾರ ಮೇಲಾದರೂ ಸಿಟ್ಟು ಬಂದು, ಆ ಸಿಟ್ಟು ಇಳಿಯುತ್ತಿರುವಾಗ, ಪೂರಾ ಇಳಿಯುವ ಮುಂಚೆ ಕೇಳಬೇಕಾದ್ದು ಎಂದು ಶಿಫಾರಸು ಮಾಡಿದೆ.

ಕೇಳುಗರ ಸಂದೇಶಗಳನ್ನು ಸ್ವಿಚ್ಚು ಓದಿ ಹೇಳಿದ. ಒಬ್ಬ ಬಸ್ ಡ್ರೈವರು ಪಾಳಿ ಮುಗಿದರೂ ಸಂಗೀತ ಮುಗಿಯಲಿ ಎಂದು ಡಿಪೋದಲ್ಲಿ ಬಸ್ಸಿನೊಳಗೇ ಕೂತಿದ್ದನಂತೆ. ಒಬ್ಬ ಅಜ್ಜಿಗೆ ಇದನ್ನು ಕೇಳಿದರೆ ಹಡಗು ಹತ್ತಿದ ಹಾಗಾಗುತ್ತದಂತೆ, ದಯವಿಟ್ಟು ನೆಲದ ಮೇಲಿನ ಸಂಗೀತ ಹಾಕಿ ಎಂದಿದ್ದಾರೆ. ಇನ್ನೊಬ್ಬರು ನಿಮಗೆ ಏನಾಗಿದೆ ಎಂದು ಕೇಳಿದ್ದಾರೆ. ಅದೊಂದನ್ನು ಕೇಳಿ ಕಿವಿಯ ಮೇಲೆ ಕೂದಲು ಎಳೆದುಕೊಂಡೆ. ಅವರು ತಮಾಷೆಗೆ ಕೇಳಿದ್ದಂತೆ.

ಮನೆಯಲ್ಲಿ ಇವರು ದೋಣಿ ರೆಕಾರ್ಡಿನ ಧಾಟಿಯನ್ನು ಗುನುಗುತ್ತಿದ್ದರು, ಪೂರ್ತಿ ಅಡ್ಡಾದಿಡ್ಡಿ. ಎರಡನೆಯ ಸಾಲು ಹಾಗಲ್ಲ, ಕೆಳಗಿಳಿಯಬೇಕು ಎಂದು ಹೇಳಿಕೊಟ್ಟೆ. ಮತ್ತೆ ಗುನುಗಿದರು, ಮತ್ತೆ ತಪ್ಪು. ಮತ್ತೆ ಹೇಳಿಕೊಟ್ಟೆ. ಅಷ್ಟರಲ್ಲಿ ಒಲೆಯ ಮೇಲಿದ್ದ ಹಾಲು ಉಕ್ಕಿತು.

ಏಪ್ರಿಲ್ ೪, ಶುಕ್ರವಾರ

ಕೇಂದ್ರದ ಹಳೆಯ ರೆಕಾರ್ಡುಗಳಲ್ಲಿ ಹುಡುಕಿ ಹುಡುಕಿ ಒಂದು ಚಿನ್ನದಂಥದ್ದು ತೆಗೆದೆ. ಕವರಿನ ಮೇಲೆ ಬಿಚ್ಚಿದ ಕೊಡೆಯ ಚಿತ್ರ, ನುಡಿಸಿದವರ ಹೆಸರು ಒಂದೂ ಇಲ್ಲ. ನಡುವೆ ಉದ್ದನೆಯ ಕೊಳಲಿನ ಭಾಗ ಬರುತ್ತದೆ. ಎಂಥ ತೂಗಾಟ ಅದು. ಇಲ್ಲಿಯವರೆಗೆ ನಾನು ಕೇಳಿದ ಬೀರುಗಳಲ್ಲೆಲ್ಲ ಇದೇ ಮೇಲು.

ರೇಡಿಯೋದಲ್ಲಿ ಸ್ವಲ್ಪ ಹೆಚ್ಚಾಗಿಯೇ ಹೊಗಳಿದೆ. ಇದು ಖಂಡಿತ ಟೇಪಿನ ಕೊಳಲು, ಮನುಷ್ಯರು ಹೀಗೆ ನುಡಿಸಲಾರರು, ಇಷ್ಟು ಹದವಾದ ನಡುಕ ಯಂತ್ರಕ್ಕೆ ಮಾತ್ರ ಸಾಧ್ಯ ಎಂದೆ. ಸ್ವಿಚ್ಚು ಗಾಜಿನಾಚೆಯಿಂದ ಹುಬ್ಬೇರಿಸಿದ. ಅವನಿಗೂ ಇಷ್ಟವಾಗಿರಬೇಕು.

ಏಪ್ರಿಲ್ ೭, ಸೋಮವಾರ

ಇಷ್ಟವಾಗಿರಲಿಲ್ಲ, ಅನುಮಾನ ಬಂದಿತ್ತು.

ಮಧ್ಯಾಹ್ನ ಸ್ವಿಚ್ಚು ಫೋನು ಮಾಡಿದ. ವಯಸ್ಸಾದ ಕೊಳಲು ಮೇಷ್ಟ್ರೊಬ್ಬರು ಕೇಂದ್ರಕ್ಕೆ ಕರೆ ಮಾಡಿದ್ದರಂತೆ. ಕೂಗಾಡಲಿಲ್ಲವಂತೆ. “ಶುಕ್ರವಾರ ನಿಮ್ಮ ಮೇಡಂ ಯಂತ್ರ ಅಂದ್ರಲ್ಲ, ಅದು ನಾನು” ಎಂದಷ್ಟೇ ಹೇಳಿ, ವಿಳಾಸ ಕೊಟ್ಟು ಇಟ್ಟರಂತೆ. ಆಮೇಲೆ ಇವನು ಗಡಿಯಾರ ಹಿಡಿದು ಆ ರೆಕಾರ್ಡು ಕೇಳಿದ್ದಾನೆ. ಅದರಲ್ಲಿರುವ ಒಂದು ಸ್ವರ ಎಂಟು ಸೆಕೆಂಡು ದಾಟಿ ಬಹಳ ಮುಂದೆ ಹೋಗುತ್ತದೆ. ಬೀರುವಿನಲ್ಲಿ ಅಷ್ಟು ಉದ್ದ ಟೇಪೇ ಇಲ್ಲ. ಬೀರುವಿನ ಬಗ್ಗೆ ಊರಿಗೆಲ್ಲ ಪಾಠ ಹೇಳಿದವಳು ನಾನು, ಅದನ್ನೇ ಮರೆತೆ.

ಕವರಿನ ಮೇಲೆ ಹೆಸರಿರಲಿಲ್ಲ, ತಪ್ಪಾಯಿತು ಎಂದು ಮುಂದಿನ ಶುಕ್ರವಾರ ಒಂದು ಸಾಲು ಹೇಳಿದರೆ ಮುಗಿಯಿತು ಎಂಬುದು ಸ್ವಿಚ್ಚುವಿನ ಸಲಹೆ. ಹೌದು, ಅಷ್ಟು ಹೇಳಿದರೆ ಸುಳ್ಳೂ ಆಗುವುದಿಲ್ಲ. ಆದರೆ ಸಂಜೆಯವರೆಗೆ ಮತ್ತೆ ಮತ್ತೆ ಅದೇ ರೆಕಾರ್ಡು ಹಾಕಿದೆ, ಪ್ರತಿ ಸಲವೂ ಅದೇ ನಡುಕ. ಅದು ಅವರ ಕೊಳಲಿನದ್ದಲ್ಲ, ನನ್ನ ಕಿವಿಯದ್ದು. ಹಾಗಾದರೆ ಈ ಒಂದು ತಿಂಗಳು ನಾನು ಅಷ್ಟೆಲ್ಲ ಖುಷಿಪಟ್ಟದ್ದರಲ್ಲಿ ಬೀರು ಎಷ್ಟು, ಕೆಟ್ಟ ಕಿವಿ ಎಷ್ಟು?

ಏಪ್ರಿಲ್ ಮುಗಿಯುವವರೆಗೆ ಕಾಯುವ ಅಗತ್ಯ ಇಲ್ಲ. ಮೇಷ್ಟ್ರ ಹತ್ತಿರ ಹೋಗಿ ಕ್ಷಮೆ ಕೇಳಿ, ಶುಕ್ರವಾರ ಕಾರ್ಯಕ್ರಮಕ್ಕೆ ನಮಸ್ಕಾರ ಹೇಳಿಬಿಡುತ್ತೇನೆ. ಇವರಿಗೆ ಹೇಳಿದೆ. ಇವರು ತಮಾಷೆ ಮಾಡಲಿಲ್ಲ, ಬಂದು ಪಕ್ಕದಲ್ಲಿ ಕೂತರು. ತಮಾಷೆ ಮಾಡಿದ್ದರೇ ವಾಸಿ ಇತ್ತು.

ಏಪ್ರಿಲ್ ೮, ಮಂಗಳವಾರ

ಮೇಷ್ಟ್ರ ಮನೆ ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಬಾಗಿಲಲ್ಲಿ ಮಕ್ಕಳ ಚಪ್ಪಲಿಗಳ ರಾಶಿ, ಒಳಗೆ ಪಾಠ. ಮಕ್ಕಳು ಊದುತ್ತಿದ್ದರು, ಮೇಷ್ಟ್ರು ಬೆರಳಿನಲ್ಲಿ ಮಂಡಿಯ ಮೇಲೆ ತಾಳ ಹಾಕುತ್ತಿದ್ದರು. ಎತ್ತರದ ಆಳು, ಎಪ್ಪತ್ತು ದಾಟಿರಬೇಕು. ನಾನು ಯಾರೆಂದು ಹೇಳಿದೆ. ಮಕ್ಕಳನ್ನು ಮನೆಗೆ ಕಳಿಸಿದರು, ನನ್ನನ್ನು ಕೂರಿ ಎನ್ನಲಿಲ್ಲ.

ಇಪ್ಪತ್ತು ವರ್ಷವೂ ನನ್ನ ಕಾರ್ಯಕ್ರಮ ಕೇಳಿದ್ದಾರಂತೆ. ನಾನು ಹೇಳಿದ ರೆಕಾರ್ಡುಗಳನ್ನು ಹುಡುಕಿಕೊಂಡು ಹೋಗಿ ಕೊಂಡಿದ್ದಾರಂತೆ. ಆಮೇಲೆ ಕೇಳಿದರು, “ಬೇರೆ ಯಾರಾದ್ರೂ ಅಂದಿದ್ರೆ ಬಿಟ್ಟುಬಿಡ್ತಿದ್ದೆ. ನಿಮ್ಮ ಕಿವಿಗೆ ಹೇಗೆ ತಪ್ಪಿತು?”

ಕವರಿನ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿ ಮೆಟ್ಟಿಲಿಳಿದು ಬಂದುಬಿಡಬಹುದಿತ್ತು. ಏನಾಯಿತೋ, ಕೂದಲು ಹಿಂದಕ್ಕೆ ಸರಿಸಿ, ಬಲಗಿವಿಯ ಯಂತ್ರ ಬಿಚ್ಚಿ ಅವರ ಅಂಗೈ ಮೇಲೆ ಇಟ್ಟೆ. ಅವರು ಬೆರಳು ಮಡಚಿದರು. ಅದು ಮುಷ್ಟಿಯೊಳಗಿಂದ ಕುಯ್ ಎಂದು ಜೋರಾಗಿ ಶಿಳ್ಳೆ ಹೊಡೆಯಿತು. ಮೇಷ್ಟ್ರು ಮುಷ್ಟಿಯನ್ನು ಕಿವಿಯ ಹತ್ತಿರ ಹಿಡಿದರು.

“ಇದು ನನಗಿಂತ ಚೆನ್ನಾಗಿ ಊದುತ್ತೆ” ಅಂದರು.

ಆಮೇಲೆ ಕುರ್ಚಿ ಎಳೆದು ಕೊಟ್ಟರು. ಬಾಗಿಲು ಮುಚ್ಚಿಬಂದು, ಮೇಲಿನ ಹಲ್ಲುಗಳೆಲ್ಲ ಹೋಗಿ ಹೊಸ ಸೆಟ್ಟು ಹಾಕಿಸಿದ್ದನ್ನು ಹೇಳಿದರು. ಅವತ್ತಿನಿಂದ ಊದಿದರೆ ಗಾಳಿ ಎಲ್ಲೆಲ್ಲಿಗೋ ಹೋಗುತ್ತದೆ, ತುಟಿಗೆ ಜಾಗವೇ ಸಿಗುವುದಿಲ್ಲ. ಮಕ್ಕಳ ಮುಂದೆ ಶೀತ, ಕೆಮ್ಮು ಎಂದು ಹೇಳಿ ತಾಳ ಹಾಕಿಕೊಂಡೇ ದಿನ ದೂಡುತ್ತಿದ್ದಾರೆ. ನಿಜವಾಗಿ ನುಡಿಸುತ್ತಿದ್ದೆ ಎನ್ನುವುದಕ್ಕೆ ಮಕ್ಕಳಿಗೆ ತೋರಿಸಲು ಇದ್ದದ್ದು ಆ ಕೊಡೆಯ ರೆಕಾರ್ಡೊಂದೇ. ಇನ್ನೂ ಹುಡುಗನಾಗಿದ್ದಾಗ, ಜ್ವರ ಮೈಮೇಲಿಟ್ಟುಕೊಂಡೇ ಸ್ಟುಡಿಯೋದಲ್ಲಿ ನಿಂತು ನುಡಿಸಿದ್ದಂತೆ. ಶನಿವಾರ ಪಾಠಕ್ಕೆ ಬಂದ ಮಕ್ಕಳು, ‘ಮೇಷ್ಟ್ರೇ, ಅದು ಮಷೀನಂತೆ’ ಎಂದು ನಕ್ಕಿದ್ದಾರೆ.

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಕ್ಷಮಿಸಿ ಎಂದೆ, ಶುಕ್ರವಾರ ಎಲ್ಲ ಹೇಳಿ ಕಾರ್ಯಕ್ರಮ ಬಿಡುತ್ತೇನೆ ಎಂದೂ ಹೇಳಿದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಗೂಡಿನಿಂದ ಕೊಳಲು ತೆಗೆದು, ಹೇಗೆ ಕೇಳಿಸುತ್ತದೆ ನೋಡಿ ಹೇಳಿ ಎಂದು ಒಂದು ಸ್ವರ ಊದಿದರು. ನಡುಗಿತು. ನಡುಗುತ್ತದೆ ಎಂದೆ.

“ಹಲ್ಲೋ, ಕಿವಿಯೋ?” ಎಂದು ಕೇಳಿದರು.

ನನಗೆ ಗೊತ್ತಿಲ್ಲ ಎಂದೆ. ನನಗೂ ಗೊತ್ತಿಲ್ಲ ಎಂದರು. ಊದುವವರಿಗೆ ಹಲ್ಲಿನ ಮೇಲೆ ನಂಬಿಕೆ ಇಲ್ಲ, ಕೇಳುವವಳಿಗೆ ಕಿವಿಯ ಮೇಲೆ ನಂಬಿಕೆ ಇಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲು ಶುರುಮಾಡಿದೆವು. ಮೇಷ್ಟ್ರ ಸೆಟ್ಟು ಬಿದ್ದೇಹೋಗುತ್ತಿತ್ತು, ಕೈ ಅಡ್ಡ ಹಿಡಿದರು. ಕ್ಲಿನಿಕ್ಕಿಗೆ ಒಟ್ಟಿಗೇ ಹೋಗುವುದು ಎಂದು ಮಾತಾಯಿತು.

ಏಪ್ರಿಲ್ ೧೦, ಗುರುವಾರ

ವಿಪರೀತ ಸೆಕೆ. ಕೂದಲು ಎತ್ತಿ ಗಂಟು ಕಟ್ಟಿಕೊಂಡು ಹೋದೆ. ಮೇಷ್ಟ್ರು ಕೊಳಲನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು.

ನಾನು ರೇಡಿಯೋದವಳು, ಸಂಗೀತದ ಕೆಲಸ ಎಂದು ಹೇಳಿದ್ದೇ ಕ್ಲಿನಿಕ್ಕಿನ ಹುಡುಗಿ ಹಣೆ ಚಚ್ಚಿಕೊಂಡಳು. “ಗಂಡನ ಮಾತು ಸಾಕು ಅಂದ್ರಲ್ಲ ಆಂಟಿ. ನಾನು ಗಂಡನ ಮಾತಿಗೇ ಸೆಟ್ ಮಾಡಿದ್ದು” ಅಂದಳು. ಈ ಯಂತ್ರಗಳಿಗೆ ಶಿಳ್ಳೆ ಹೊಡೆಯುವ ಚಾಳಿ ಇದೆಯಂತೆ. ಆ ಶಿಳ್ಳೆಯನ್ನು ತಾವೇ ಗುರುತಿಸಿ ಅದುಮುವ ವ್ಯವಸ್ಥೆಯೂ ಅವುಗಳೊಳಗೆ ಇದೆ. ಕೊಳಲಿನ ಉದ್ದನೆಯ ಸ್ವರ ಬಂದರೆ ಯಂತ್ರ ಅದನ್ನೂ ತನ್ನದೇ ಶಿಳ್ಳೆ ಎಂದುಕೊಂಡು ಅದುಮಲು ಹೋಗುತ್ತದೆ. ಆ ಎಳೆದಾಟವೇ ನಡುಕ. ಸಂಗೀತಕ್ಕೆ ಬೇರೆಯೇ ಹೊಂದಾಣಿಕೆ ಮಾಡಬಹುದು, ಗುಂಡಿ ಒತ್ತಿ ಅತ್ತಿಂದಿತ್ತ ಬದಲಾಯಿಸಿಕೊಳ್ಳಬಹುದು. ಇಷ್ಟನ್ನು ಹೇಳದೆ ನಾನು ಐದು ವಾರ ಮೇಕೆಗಳ ನಡುವೆ ಬದುಕಿದೆ.

ಮೇಷ್ಟ್ರು ಎದ್ದು ನಿಂತು ಒಂದು ಸ್ವರ ಹಿಡಿದರು. ಹುಡುಗಿ ಕಂಪ್ಯೂಟರಿನಲ್ಲಿ ಒಂದೊಂದನ್ನೇ ತಿದ್ದುತ್ತ ಹೋದಳು. ನಡುಕ ಕಡಿಮೆಯಾಯಿತು, ಹೆಚ್ಚಾಯಿತು, ಮತ್ತೆ ಕಡಿಮೆಯಾಯಿತು. ಮೇಷ್ಟ್ರು ದಮ್ಮು ಮುಗಿದಾಗ ನಿಲ್ಲಿಸಿ, ಬೆವರು ಒರೆಸಿ, ಮತ್ತೆ ಊದಿದರು. ಯಾವುದೋ ಒಂದು ಸಲ ಸ್ವರ ಶುರುವಾಯಿತು, ಹಾಗೇ ಇತ್ತು. ನಾನು ಇನ್ನೇನು ನಡುಗುತ್ತದೆ ಎಂದು ಕಾದೆ. ನಡುಗಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಈ ಸಲ ಈರುಳ್ಳಿಯ ಮೇಲೆ ಹಾಕುವಂತಿರಲಿಲ್ಲ.

ಹುಡುಗಿ ಸರಿಯಾಯಿತಾ ಎಂದು ಕೇಳಿದಳು. ಸರಿಯಾಯಿತು, ಆದರೆ ಎಡಗಡೆ ಹಲ್ಲಿನ ಸಂದಿಯಿಂದ ಉಸ್ ಎಂದು ಗಾಳಿ ಹೋಗುತ್ತಿದೆ ಎಂದೆ. ಬಾಯಿ ತಪ್ಪಿ ಬಂದ ಮಾತು. ಮೇಷ್ಟ್ರ ಮುಖ ಅರಳಿತು. ಹಲ್ಲು ಹಾಕಿಸಿದ ಮೇಲೆ ಯಾರೂ ಅವರಿಗೆ ನಿಜ ಹೇಳಿರಲಿಲ್ಲವಂತೆ, ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಎಂದು ಬೆನ್ನು ತಟ್ಟುತ್ತಿದ್ದರಂತೆ. ಕೊಳಲನ್ನು ಒಂದಿಷ್ಟು ಬಲಕ್ಕೆ ಸರಿಸಿದರು. ಇನ್ನೂ ಇದೆ ಎಂದೆ. ಇನ್ನಷ್ಟು ಸರಿಸಿದರು. ಈಗ ಕಡಿಮೆ ಎಂದೆ. ಹೊರಗೆ ಕಾಯುತ್ತಿದ್ದ ಒಬ್ಬರು ಇದು ಯಾವ ಪರೀಕ್ಷೆ, ನಮಗೂ ಮಾಡುತ್ತೀರಾ ಎಂದು ಕೇಳಿದರಂತೆ.

ಸಂಜೆ ಖಾಲಿ ಕುರ್ಚಿಯ ರೆಕಾರ್ಡು ಹಾಕಿದೆ. ಬೀರು ಈಗಲೂ ತೂಗುತ್ತದೆ. ಅದು ಅದರದ್ದೇ ತೂಗಾಟ, ನನ್ನದಲ್ಲ. ಈಗಲೂ ಇಷ್ಟವಾಗುತ್ತದೆ. ಬಾಗಿಲ ಹಿಂದಿದ್ದ ಗಂಟು ಬಿಚ್ಚಿ, ಮೇ ತಿಂಗಳಿಗೆ ಇರಲಿ ಎಂದು ನಾಲ್ಕೈದು ರೆಕಾರ್ಡು ಎತ್ತಿಟ್ಟೆ. ಇವರು ಅಂಗಡಿಯಿಂದ ಬರುವುದು ತಡವಾಯಿತು, ಮನೆ ಬಿಕೋ ಎನ್ನುತ್ತಿತ್ತು.

ಏಪ್ರಿಲ್ ೧೧, ಶುಕ್ರವಾರ

ಪ್ರಸಾರಕ್ಕೆ ಮುಂಚೆ ಸ್ವಿಚ್ಚುವನ್ನು ಪಕ್ಕಕ್ಕೆ ಕರೆದು ಯಂತ್ರಗಳ ವಿಷಯ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. “ಹೆಡ್‌ಫೋನ್ ಹಾಕ್ಕೊಂಡ್ರೆ ಕುಯ್ ಅನ್ನೋದು ಮೈಕಿಗೂ ಬರ್ತಿತ್ತಕ್ಕ. ನಾನೇ ಪ್ರತಿ ವಾರ ತಗ್ಗಿಸ್ತಿದ್ದೆ” ಅಂದ. ಮತ್ತೆ ಒಂದು ಮಾತೂ ಕೇಳಲಿಲ್ಲವಲ್ಲ ಎಂದರೆ, ಹೇಳಬೇಕು ಅನ್ನಿಸಿದಾಗ ನೀವೇ ಹೇಳುತ್ತೀರಿ ಎಂದುಕೊಂಡಿದ್ದೆ ಎಂದ. ಅವನಿಗೆ ಒಂದು ಕಾಫಿ ಕೊಡಿಸಿದೆ.

ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಪಾಠದ ಮಕ್ಕಳೆಲ್ಲ ಅವರ ಮನೆಯಲ್ಲೇ ರೇಡಿಯೋ ಮುಂದೆ ಕೂತಿದ್ದಾರಂತೆ. ಎರಡು ಸಲ ನೀರು ಕುಡಿದು, ಎರಡು ಸಲ ಸೆಟ್ಟು ಒತ್ತಿ ನೋಡಿಕೊಂಡರು. ನನ್ನ ಸ್ಥಿತಿಯೂ ಅಷ್ಟೇ ಇತ್ತು. ಇಪ್ಪತ್ತು ವರ್ಷದಲ್ಲಿ ಕೆಂಪು ದೀಪ ಹತ್ತುವವರೆಗೂ ಬರೆದುಕೊಂಡದ್ದನ್ನು ಮತ್ತೆ ಮತ್ತೆ ಓದಿ ನೋಡಿದ್ದು ಇದೇ ಮೊದಲು.

‘ಹೋದ ವಾರ ನಾನು ಒಬ್ಬ ಮನುಷ್ಯನನ್ನು ಬೀರು ಎಂದು ಕರೆದೆ’ ಎಂದು ಶುರುಮಾಡಿದೆ. ಎರಡೂ ಕಿವಿಯ ಹಿಂದೆ ಏನಿದೆ, ಯಾವಾಗಿನಿಂದ ಇದೆ, ಅದರಿಂದ ಪಿಟೀಲು ಹೇಗೆ ಮೇಕೆಯಾಯಿತು, ನಾಚಿಕೆಯಿಂದ ಕ್ಲಿನಿಕ್ಕಿನಲ್ಲಿ ಏನು ಸುಳ್ಳು ಹೇಳಿದೆ, ಎಲ್ಲ ಹೇಳಿದೆ. ಬೀರುವಿನ ಸಂಗೀತವನ್ನು ಬಿಡಬೇಡಿ, ಅದರ ನಡುಕ ಅಪ್ಪಟ ಎಂದೂ ಹೇಳಿದೆ. ಗಾಜಿನಾಚೆ ಸ್ವಿಚ್ಚು ಮೇಕೆಯ ಮಾತಿಗೆ ನಗುತ್ತಿದ್ದ.

ಆಮೇಲೆ ಕೊಡೆಯ ರೆಕಾರ್ಡು. ಪಿಟೀಲುಗಳು ಬಂದವು, ಹೋದವು. ಕೊಳಲು ಬರುವ ಮುಂಚೆ ಒಂದು ಚಿಕ್ಕ ಬಿಡುವಿದೆ. ಅಲ್ಲಿ ಏನೋ ಕೇಳಿಸಿತು. ಸ್ವರವಲ್ಲ. ತುಟಿ ತೆರೆದು ಯಾರೋ ಗಬಕ್ಕನೆ ಉಸಿರೆಳೆದುಕೊಂಡ ಸದ್ದು. ತಲೆಯೆತ್ತಿ ನೋಡಿದರೆ ಎದುರಿಗೆ ಕೂತಿದ್ದ ಮೇಷ್ಟ್ರ ಎದೆಯೂ ಸರಿಯಾಗಿ ಅದೇ ಹೊತ್ತಿಗೆ ಉಬ್ಬಿತ್ತು, ಕೊಳಲು ಇನ್ನೂ ಟವೆಲಿನಲ್ಲೇ ಇತ್ತು. ಜ್ವರ ಬಂದ ಹುಡುಗನ ಉಸಿರು ರೆಕಾರ್ಡಿನಲ್ಲಿ, ಮುದುಕರ ಉಸಿರು ಕುರ್ಚಿಯಲ್ಲಿ. ಕಿವಿ ಮಂದವಾಗುವ ಮುಂಚೆಯೂ ಎಷ್ಟೋ ರೆಕಾರ್ಡುಗಳಲ್ಲಿ ಇದು ಇದ್ದಿರಬೇಕು. ಮೊದಲ ಸ್ವರ ಬರುವವರೆಗೂ ನಾನು ಯಾವಾಗಲೂ ಮಾತಾಡುತ್ತಲೇ ಇರುತ್ತಿದ್ದೆ.

ರೆಕಾರ್ಡು ಮುಗಿಯಿತು. ಮೇಷ್ಟ್ರು ಎದ್ದು ಮೈಕಿನ ಮುಂದೆ ನಿಂತು ಕೊಳಲು ತುಟಿಗಿಟ್ಟರು, ಒಂದಿಷ್ಟು ಬಲಕ್ಕೆ. ಅವರನ್ನು ಪರಿಚಯಿಸಲು ಅರ್ಧ ಪುಟ ಬರೆದುಕೊಂಡು ಹೋಗಿದ್ದೆ. ಒಳ್ಳೆಯ ಮಾತುಗಳೇ ಇದ್ದವು. ಅಷ್ಟರಲ್ಲಿ ಅವರ ಭುಜ ಮೇಲೇಳುವುದು ಕಂಡಿತು.

“ಈಗ ಉಸಿರು ತಗೊಳ್ತಿದ್ದಾರೆ. ಅಲ್ಲಿಂದಲೇ ಕೇಳಿ” ಎಂದು ಹೇಳಿ ನನ್ನ ಮೈಕು ಆಫ್ ಮಾಡಿದೆ.